ಎರಡು ಸೂತು

ಕಪನೂರಿನ ತಗಡಿನ ಶೆಡ್ಡು. ಹನ್ನೊಂದಕ್ಕೇ
ಕತ್ತರಿ ಹಿಡಿದರ ಬೆರಳು ಚುರ್ ಅಂತದ.
ನಿನ್ನಿತನಕ ಚೀಲ ಹೊಲಿದ ಮಷೀನು
ಇವತ್ತು ವಾಡಿ ಕಡೀ ಸಿಮೆಂಟು ಕಾರ್ಖಾನಿಯವರ ಪ್ಯಾಂಟಿಗೆ ಕೂಡಬೇಕು.
ಚೀಲಕ್ಕ ಮೂರು ಸೂತು, ಪ್ಯಾಂಟಿಗೆ ಎರಡು.
ಜೋಡಿ ಸೂಜಿ ನಡುವಿನ ಬಯಲು
ಒಂದು ಸೂತು ಸಣ್ಣದಾಗಬೇಕು.

ಸೂತು ಅಂದರ ನೂಲು ಅಂತ ತಿಳಿದಿದ್ದೆ.
ಲಾಲೆಸಾಬ ಉಸ್ತಾದ ಅಂದಿದ್ದ:
ನೂಲೂ ಹೌದು, ಇಂಚಿನ ಎಂಟನೇ ಪಾಲೂ ಹೌದು,
ಹೊಲಿಯೋರಿಗೊಂದು, ಬಿಚ್ಚೋರಿಗೊಂದು.
ಆರು ವರ್ಷ ಹೊಲಿದೀನಿ. ಬಿಚ್ಚಲಾಕ ಕಲಿತದ್ದು
ಅವನ ಕಣ್ಣಿಗೆ ಪೊರಿ ಬಂದ ಮ್ಯಾಲ.

"ಎರಡು ಸೂಜಿ ಅತ್ಲಾಗ ಇತ್ಲಾಗ ಸರಸಲಾಕ ಎಷ್ಟೊತ್ತು?"
ವೈಜನಾಥ ಸೇಠ ಬಾಗಿಲಲ್ಲೇ ನಿಂತು ಕೇಳತಾನ.
ಸೂಜಿ ಸರಿಯೂದಿಲ್ಲ ಸೇಠ.
ಅವು ಹಿಡಿಯಾಗ ಕೂತಾವ, ಹಿಡೀನೇ ಬ್ಯಾರೆ ಹಾಕಬೇಕು.
ಹಿಡಿ ಬದಲಾದರ ತಟ್ಟಿ ಬದಲಾಗಬೇಕು, ಇಲ್ಲಂದರ
ತೂತು ಒಂದು ಕಡಿ, ಮೊನಿ ಒಂದು ಕಡಿ.
ತಟ್ಟಿ ಬದಲಾದರ ಅದರ ಕೆಳಗಿನ ಹಲ್ಲೂ,
ಮ್ಯಾಲಿನ ಪಾದವೂ.
ಎಲ್ಲಾ ಸೊಲ್ಲಾಪುರದಿಂದ ಒಂದೇ ಡಬ್ಬಿಯಾಗ ಬಂದಾವ,
ಹಾಳಿ ಸುತ್ತಿಕೊಂಡು, ಎಣ್ಣಿ ಹಚ್ಚಿದ ಕೂಸಿನಂಗ.

ಇಷ್ಟಾಯಿತು ಅಂದರ ಇನ್ನೂ ಆಗಿಲ್ಲ.
ಮಷೀನಿನ ತಲಿ ಹಿಂದಕ್ಕ ಮಲಗಿಸಿ ನೋಡಬೇಕು:
ಕೆಳಗ ಕತ್ತಲಾಗ ಎರಡು ಕೊಕ್ಕಿ,
ಒಂದೊಂದು ಸೂಜಿಗೆ ಒಂದೊಂದು,
ಮೂರು ಸೂತಿನ ಲೆಕ್ಕದಾಗೇ ಇನ್ನೂ ಕುಂತಾವ.
ಮ್ಯಾಲ ಏನಾಗೇದ ಅಂತ ಅವಕ್ಕ ಯಾರೂ ಹೇಳಿಲ್ಲ.

ಅರ್ಧ ಸೂತು ಎಡದ್ದು ಒಳಗ.
ಅರ್ಧ ಸೂತು ಬಲದ್ದು ಒಳಗ.
ಪೇಚು ಸಡಲ ಮಾಡು, ಪೂರಾ ತೆಗೀಬ್ಯಾಡ ಮಲಕಮ್ಮಾ,
ಅಂತಾನ ಉಸ್ತಾದ, ಸ್ಟೂಲಿನ ಮ್ಯಾಲ ಬೆನ್ನು ಮಾಡಿ ಕೂತು.
ನೋಡೂದಿಲ್ಲ. ಕೇಳತಾನ.
ಸೂಜಿ ತಳಾ ಮುಟ್ಟಿ ಒಂದು ಎಳ್ಳುಕಾಳಷ್ಟು ಮ್ಯಾಲೆದ್ದಾಗ
ಕೊಕ್ಕಿ ಮೊನಿ ಅದರ ಬೆನ್ನಿನ ಕುಣಿಗೆ ಬರಬೇಕು.
ಮುಟ್ಟಬಾರದು.
ನಡುವ ಬೀಡಿ ಕಟ್ಟಿನ ತೆಳು ಹಾಳಿ ಹಾಯಬೇಕು, ಅಷ್ಟೇ.

ತಾಯಬಾ ರಟ್ಟಿನಿಂದ ಗಾಳಿ ಹಾಕ್ಕೋತ ಕುಂತಾಳ.
ಮಷೀನು ಅಕೀದು. ನಗಕ್ಕ ಇಷ್ಟು ಅಂತ ಅಕೀ ಪಗಾರ.
ನನ್ನ ಬೆರಳಿನ ಒಂದೊಂದು ತಡವೂ ಅಕೀ ಚೀಟಿಯಾಗ
ಬರೀದೇ ಉಳಿಯೂ ಗೆರಿ.
ಏನೂ ಅನ್ನೂದಿಲ್ಲ. ಅದಕ್ಕೇ ಕೈ ಬೆವರತದ.

ಮೊದಲನೇ ತುಂಡು: ಎಡದ ಗೆರಿ ಚೊಲೋ,
ಬಲದ್ದು ನಾಕು ಹೊಲಿಗಿ ಹಾಕಿ ಒಂದು ನುಂಗತದ.
ನಾನು ಬಟ್ಟಿ ಎತ್ತಿ ನೋಡೂದರಾಗ ಉಸ್ತಾದ ಅಂದ,
"ಬಲದ್ದು ತಡಾ ಬರ್ಲಕತ್ತದ."
ನಾನು ನೋಡಿದ್ದು ಬಟ್ಟಿ. ಅವ ಕೇಳಿದ್ದು
ಟಕ್ ಟಕ್ ನಡುವ ಬಾರದೇ ಹೋದ ಒಂದು ಟಕ್.

ಮತ್ತ ತಲಿ ಮಲಗಿಸು. ಮತ್ತ ಪೇಚು.
ಕರೆಂಟು ಹೋತು.
ಫೋನಿನ ಬೆಳಕು ತಾಯಬಾ ಹಿಡಿದಳು, ಬಗ್ಗಿ ಬಗ್ಗಿ
ಕೊಕ್ಕಿ ನೋಡಿದಳು, ಮೊದಲನೇ ಸಲ.
"ಇದಕ್ಕ ಇಷ್ಟು ದಿವಸ ಬರೇ ಬೈದೀನಿ ನೋಡು" ಅಂದಳು.

ಕರೆಂಟು ಬಂದಾಗ ಒಂದೂವರಿ.
ಖಾಕಿ ತುಂಡಿನ ಮ್ಯಾಲ ಎರಡು ಗೆರಿ ಓಡಿದವು
ಮೊಳದುದ್ದ, ಎಲ್ಲೂ ನುಂಗದೇ.
ನಾನು ಅಳತಿಪಟ್ಟಿ ಹುಡುಕಲಾಕ ಹೊಂಟೆ. ಉಸ್ತಾದ
ಕಿಸೆದಾಗಿಂದ ಒಂದು ತೊಗರಿ ಕಾಳು ತೆಗೆದ.
"ಬ್ಯಾಳಿ ಅಲ್ಲ, ಇಡೀ ಕಾಳು. ಎರಡು ಸೂತಿಗೆ
ನಮ್ಮ ಕಡೀ ಇದೇ ಮಾಪು."
ಗೆರಿ ನಡುವ ಇಟ್ಟು ಬೆರಳಿನ ತುದಿಯಿಂದ ಉರುಳಿಸಿದ.
ಎಡದ ನೂಲು ಹತ್ತಲಿಲ್ಲ, ಬಲದ ನೂಲು ಹತ್ತಲಿಲ್ಲ,
ಸೀದಾ ಹೋಗಿ ಬಟ್ಟಿ ಅಂಚಿನಿಂದ ಬಿತ್ತು.

ನೂಲಿನ ಕಸದಾಗ ಮೂವರೂ ಹುಡುಕಿದಿವಿ.
ಸಿಕ್ಕದ್ದು ತಾಯಬಾಗ. ಧೂಳ ಊದಿ
ಬಾಯಿಗೆ ಹಾಕ್ಕೊಂಡು, ಮಷೀನಿಗೆ ಕುಂತು,
ನೂಲು ಪೋಣಿಸ್ಕೋತ ಕಟಕ್ ಅಂತ ಕಡಿದಳು.

"ಏ, ನನ್ನ ಮಾಪು!" ಅಂದ ಉಸ್ತಾದ,
ಸಪ್ಪಳ ಕೇಳಿ.